ಬೆರಳಿನ ಅರಿವು

ಹಗಲಿನಲ್ಲಿಯೂ ಕತ್ತಲೆ ಕವಿದಿರುವ ಅಟ್ಟದ ಮೇಲೆ ಬೆಕ್ಕು ಓಡಾಡುವುದನ್ನು ಹಳ್ಳಿಯ ಮನೆಗಳಲ್ಲಿ ಬೆಳೆದವರು ಕಂಡೇ ಇರುತ್ತಾರೆ. ಒಡೆದ ಮಡಕೆ, ಹಳೆಯ ತೊಟ್ಟಿಲು, ಸೌದೆಯ ಹೊರೆ, ಇವು ಯಾವುದಕ್ಕೂ ಮೈ ತಾಕಿಸದೆ ಅದು ಇಕ್ಕಟ್ಟಿನಲ್ಲಿ ನುಸುಳಿ ಹೋಗುತ್ತದೆ. ಜನ ಹೊಗಳುವುದು ಅದರ ಕಣ್ಣಿನ ಚುರುಕನ್ನು. ಆ ಹೊಗಳಿಕೆಯಲ್ಲಿ ಒಂದು ಪಾಲು ಅದರ ಮೀಸೆಗೂ ಸಲ್ಲಬೇಕು.

ಬೆಕ್ಕಿನ ಮೀಸೆಯ ಕೂದಲಿಗೆ ಸ್ವತಃ ಅರಿವಿಲ್ಲ. ಆದರೆ ಅದರ ಬುಡ ಚರ್ಮದಲ್ಲಿ ಆಳವಾಗಿ ಊರಿಕೊಂಡು, ರಕ್ತ ತುಂಬಿದ ಒಂದು ಪುಟ್ಟ ಚೀಲದೊಳಗೆ ನಿಂತಿರುತ್ತದೆ. ಆ ಬುಡದ ಸುತ್ತ ನರಗಳು ದಟ್ಟವಾಗಿ ಹೆಣೆದುಕೊಂಡಿರುತ್ತವೆ. ತುದಿಗೆ ಗಾಳಿಯ ಅಲೆ ಸೋಂಕಿದರೂ ಬುಡ ಅಲುಗುತ್ತದೆ. ಅಲುಗಿದ ಸುದ್ದಿ ಕ್ಷಣಮಾತ್ರದಲ್ಲಿ ಮಿದುಳನ್ನು ಮುಟ್ಟುತ್ತದೆ. ಇಲಿಯ ಮಿದುಳಿನಲ್ಲಿ ಒಂದೊಂದು ಮೀಸೆಗೂ ಒಂದೊಂದು ಪ್ರತ್ಯೇಕ ಕೋಣೆಯೇ ಮೀಸಲಾಗಿದೆಯೆಂಬುದು 1970ರ ಸುಮಾರಿಗೆ ಕಂಡುಬಂದಿತು. ಸೀಲ್ ಎಂಬ ಕಡಲ ಪ್ರಾಣಿಯ ಕಣ್ಣು ಕಟ್ಟಿದರೂ, ಮುಂದೆ ಸಾಗಿಹೋದ ವಸ್ತು ನೀರಿನಲ್ಲಿ ಬಿಟ್ಟ ಜಾಡನ್ನು ಅದು ಮೀಸೆಯಿಂದಲೇ ಹಿಡಿಯಬಲ್ಲುದು.

ಮನುಷ್ಯನಿಗೆ ಈ ಸಂಪತ್ತಿಲ್ಲ. ಗಂಡಸರ ತುಟಿಯ ಮೇಲಿನದು ಹೆಸರಿಗೆ ಮಾತ್ರ ಮೀಸೆ. ಅಂದಕ್ಕೋ ಗತ್ತಿಗೋ ಒದಗೀತೇ ಹೊರತು ಕತ್ತಲೆಯಲ್ಲಿ ದಾರಿ ತೋರದು. ಚಿಂಪಾಂಜಿಯಲ್ಲಿ ಇಂದಿಗೂ ಉಳಿದಿರುವ, ಇಂತಹ ಸ್ಪರ್ಶರೋಮಗಳ ಬೆಳವಣಿಗೆಗೆ ಸಂಬಂಧಿಸಿದ ಆನುವಂಶಿಕ ದ್ರವ್ಯದ ಒಂದು ತುಣುಕು ಮನುಷ್ಯನಲ್ಲಿ ಅಳಿಸಿಹೋಗಿದೆಯೆಂದು ವಿಜ್ಞಾನಿಗಳು 2011ರಲ್ಲಿ ತಿಳಿಸಿದರು. ಪ್ರಕೃತಿ ಹೀಗೆ ಹಿಂದಕ್ಕೆ ಪಡೆದುಕೊಂಡದ್ದನ್ನು ಮನುಷ್ಯನು ಮತ್ತೆ ಗಳಿಸಬಲ್ಲನೇ? ಕಣ್ಣು ಕಿವಿಗಳನ್ನು ಕಳೆದುಕೊಂಡವನ ಚರ್ಮದಲ್ಲಿ ಬೆಕ್ಕಿನ ಮೀಸೆಯ ಸೂಕ್ಷ್ಮತೆ, ಮೂಗಿನಲ್ಲಿ ಬೇಟೆನಾಯಿಯ ಚುರುಕು ತಾವಾಗಿಯೇ ಮೂಡುತ್ತವೆಯೇ? ಮೂಡುತ್ತವೆಂದೇ ಬಹುಕಾಲದವರೆಗೆ ಜನ ನಂಬಿದ್ದರು. ಅಂಧರಿಗೆ ಆರನೆಯ ಇಂದ್ರಿಯವೊಂದಿದೆ ಎನ್ನುತ್ತಿದ್ದರು. ಈ ನಂಬಿಕೆಯ ಭಾರವನ್ನು ಹೆಲೆನ್ ಕೆಲರ್ ಹೊತ್ತಷ್ಟು ದೀರ್ಘಕಾಲ ಮತ್ತಾರೂ ಹೊತ್ತಿರಲಾರರು.

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಮೆರಿಕ ಸಂಯುಕ್ತ ಸಂಸ್ಥಾನದ ಅಲಬಾಮಾ ಪ್ರಾಂತದ ಟಸ್ಕಂಬಿಯ ಎಂಬ ಸಣ್ಣ ಊರಿನಲ್ಲಿ. ತಂದೆ ಆರ್ಥರ್ ಕೆಲರ್ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದು, ಅನಂತರ ಪತ್ರಿಕೆಯೊಂದರ ಸಂಪಾದಕರಾದವರು. ತಾಯಿ ಕೇಟ್. ಮಗು ಆರೋಗ್ಯವಾಗಿಯೇ ಇತ್ತು. ಒಂದು ವರ್ಷ ತುಂಬುವಷ್ಟರಲ್ಲಿ ನಡೆಯಲೂ ಕಲಿತಿತ್ತು. ಹತ್ತೊಂಬತ್ತನೆಯ ತಿಂಗಳಿನಲ್ಲಿ ಬಂದ ಒಂದು ತೀವ್ರವಾದ ಜ್ವರ ಎಲ್ಲವನ್ನೂ ತಲೆಕೆಳಗು ಮಾಡಿತು. ಮಗು ಉಳಿಯುವುದಿಲ್ಲವೆಂದು ವೈದ್ಯರು ಕೈಚೆಲ್ಲಿದ್ದರು. ಜ್ವರ ಬಂದಷ್ಟೇ ಬೇಗ ಇಳಿಯಿತು, ಮನೆಯವರು ನಿಟ್ಟುಸಿರುಬಿಟ್ಟರು. ಮಗುವಿನ ಕಣ್ಣೂ ಕಿವಿಯೂ ಜ್ವರದೊಡನೆ ಹೊರಟುಹೋಗಿದ್ದವೆಂಬುದು ಅನಂತರ ತಿಳಿಯಿತು.

ಮುಂದಿನ ಐದು ವರ್ಷ ಆ ಮಗು ಬದುಕಿದ ಲೋಕವನ್ನು ಊಹಿಸುವುದು ಸುಲಭವಲ್ಲ. ತಾಯಿಯ ಸೆರಗು ಹಿಡಿದು ನಡೆಯುವ ಮಕ್ಕಳಂತೆ ಆಕೆಯೂ ತಾಯಿಯ ಉಡುಪನ್ನು ಹಿಡಿದು ಮನೆಯೆಲ್ಲ ಸುತ್ತಿದಳು. ಕೈಗೆ ಸಿಕ್ಕಿದ್ದನ್ನೆಲ್ಲ ತಡವಿದಳು. ಬ್ರೆಡ್ಡು ಬೇಕಾದರೆ ಅದನ್ನು ಕೊಯ್ದು ಬೆಣ್ಣೆ ಸವರುವಂತೆ, ಐಸ್‌ಕ್ರೀಮು ಬೇಕಾದರೆ ಯಂತ್ರ ತಿರುವಿ ಚಳಿಯಿಂದ ನಡುಗುವಂತೆ ಅಭಿನಯಿಸುತ್ತಿದ್ದಳು. ಬಾಗಿಲು ಮುಚ್ಚಿದ ಅದಿರನ್ನು ಗುರುತಿಸಿ, ಮನೆಗೆ ಯಾರೋ ಬಂದರೆಂದು ತಿಳಿಯುತ್ತಿದ್ದಳು. ಒಂದು ದಿನ ತಾಯಿ ಉಗ್ರಾಣಕ್ಕೆ ಹೋದಾಗ ಹೊರಗಿನಿಂದ ಬೀಗ ಹಾಕಿದಳು. ಆ ತಾಯಿ ಬಾಗಿಲು ಬಡಿಯುತ್ತ ಮೂರು ಗಂಟೆಯ ಕಾಲ ಒಳಗಿರಬೇಕಾಯಿತು. ಹುಡುಗಿ ಮೊಗಸಾಲೆಯ ಮೆಟ್ಟಿಲ ಮೇಲೆ ಕುಳಿತು, ಬಡಿತದಿಂದ ಮೆಟ್ಟಿಲು ನಡುಗುವುದನ್ನು ಮೈಯಿಂದ ಅರಿತು ನಗುತ್ತಿದ್ದಳು. ಇದು ತುಂಟತನವೆಂಬುದು ನಿಜ. ಆದರೆ ಕಿವಿಯಿಲ್ಲದ ಮಗುವೊಂದು ಬಾಗಿಲ ಸದ್ದನ್ನು ಕುಳಿತ ಜಾಗದಿಂದ ಆಲಿಸಿದ್ದೂ ಅಷ್ಟೇ ನಿಜ.

ಮನೆಯಲ್ಲಿ ಬೆಲ್ ಎಂಬ ನಾಯಿ ಇತ್ತು. ಹೆಲೆನಳ ಸಂಜ್ಞೆಗಳು ಅದಕ್ಕೆ ಅರ್ಥವಾಗುತ್ತಿರಲಿಲ್ಲ; ಆಕೆ ಎಷ್ಟು ಹೇಳಿಕೊಟ್ಟರೂ ಅದು ಸೋಮಾರಿಯಂತೆ ಮಲಗಿಬಿಡುತ್ತಿತ್ತು. ಇತರರು ತನ್ನಂತೆ ಕೈಸನ್ನೆ ಮಾಡದೆ ತುಟಿಯಾಡಿಸುತ್ತಾರೆಂಬುದನ್ನು ಆಕೆ ಬೆರಳಿಟ್ಟು ತಿಳಿದಳು. ತಾನೂ ತುಟಿಯಾಡಿಸಿದಳು. ಏನೂ ನಡೆಯಲಿಲ್ಲ. ಆಗ ಬಂದ ಕೋಪಕ್ಕೆ ಒದ್ದು, ಕೂಗಿ, ಸುಸ್ತಾಗಿ ಬೀಳುವುದೊಂದೇ ದಾರಿಯಾಗಿತ್ತು. ಅರಿಯುವ ಶಕ್ತಿ ಆಕೆಯ ಬೆರಳಲ್ಲಿ, ಮೂಗಿನಲ್ಲಿ, ಅಂಗಾಲಿನಲ್ಲಿ ಆಗಲೇ ಇತ್ತು. ಇಲ್ಲದಿದ್ದುದು ಅರಿತದ್ದಕ್ಕೆ ಒಂದು ಹೆಸರು.

ಆ ಹೆಸರನ್ನು ತಂದವಳು ಆನ್ ಸಲಿವನ್. ದೂರವಾಣಿಯನ್ನು ನಿರ್ಮಿಸಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರ ಸಲಹೆಯಂತೆ ಹೆಲೆನಳ ತಂದೆ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಸಂಸ್ಥೆಗೆ ಪತ್ರ ಬರೆದಿದ್ದರು. ಸಂಸ್ಥೆ ಕಳುಹಿಸಿದ ಉಪಾಧ್ಯಾಯಿನಿಗೆ ಆಗ ಇಪ್ಪತ್ತು ವರ್ಷ. ಬಡತನದಲ್ಲಿ ಹುಟ್ಟಿ, ಅನಾಥಾಲಯದಲ್ಲಿ ತಮ್ಮನನ್ನು ಕಳೆದುಕೊಂಡು, ಕಣ್ಣಿನ ಬೇನೆಯಿಂದ ಬಹುಮಟ್ಟಿಗೆ ಕುರುಡಾಗಿ, ಶಸ್ತ್ರಚಿಕಿತ್ಸೆಗಳಿಂದ ಅಷ್ಟಿಷ್ಟು ದೃಷ್ಟಿ ಮರಳಿ ಪಡೆದವಳು ಆಕೆ. 1887ರ ಮಾರ್ಚ್ 3ರಂದು ಟಸ್ಕಂಬಿಯಕ್ಕೆ ಬಂದು, ಹೆಲೆನಳ ಕೈಗೆ ಒಂದು ಬೊಂಬೆಯನ್ನು ಕೊಟ್ಟು, ಅಂಗೈಯಲ್ಲಿ ಬೊಂಬೆ ಎಂಬ ಪದದ ಅಕ್ಷರಗಳನ್ನು ಬೆರಳ ಸಂಕೇತಗಳಿಂದ ಮೂಡಿಸಿದಳು. ಹುಡುಗಿ ಆಟವೆಂದು ತಿಳಿದು ಅನುಕರಿಸಿದಳು. ಕೆಲವು ದಿನಗಳಲ್ಲಿ ಆಕೆ ನಾಯಿಯ ಮುಂಗಾಲನ್ನು ಹಿಡಿದು ಅದಕ್ಕೂ ಅದೇ ಅಕ್ಷರಗಳನ್ನು ಕಲಿಸಲು ಹೊರಟದ್ದನ್ನು ಉಪಾಧ್ಯಾಯಿನಿ ಕಂಡಳು. ಹೆಲೆನಳಿಗೆ ಎಂದಿಗೂ ಸಿಗದಷ್ಟು ಚುರುಕಾದ ಮೂಗು ಆ ನಾಯಿಗಿತ್ತು. ಪಾಠ ಮಾತ್ರ ಅದಕ್ಕೆ ಹತ್ತಲಿಲ್ಲ.

ಏಪ್ರಿಲ್ 5ರಂದು ನಡೆದದ್ದು ಜಗತ್ತಿಗೆಲ್ಲ ತಿಳಿದ ಸಂಗತಿ. ನೀರೆತ್ತುವ ಪಂಪಿನ ಬಳಿ ಹೆಲೆನಳ ಒಂದು ಕೈಯ ಮೇಲೆ ತಣ್ಣೀರು ಸುರಿಯುತ್ತಿರುವಾಗ ಆನ್ ಇನ್ನೊಂದು ಕೈಯಲ್ಲಿ ನೀರು ಎಂಬ ಪದದ ಅಕ್ಷರಗಳನ್ನು ಮೂಡಿಸಿದಳು. ತಣ್ಣಗೆ ಹರಿಯುತ್ತಿರುವುದಕ್ಕೂ ಅಂಗೈಯ ಆಟಕ್ಕೂ ಸಂಬಂಧವಿದೆಯೆಂಬುದು ಹುಡುಗಿಗೆ ಮಿಂಚಿನಂತೆ ಹೊಳೆಯಿತು. ಕೆಲವೇ ಗಂಟೆಗಳಲ್ಲಿ ಮೂವತ್ತು ಹೊಸ ಪದಗಳು ಆಕೆಯ ವಶವಾದವು. ಬೆಳಗ್ಗೆ ಇದ್ದ ಚರ್ಮವೇ ಸಂಜೆಗೂ ಇತ್ತು. ಅದರಲ್ಲಿ ಹೊಸದೊಂದು ನರ ಹುಟ್ಟಿರಲಿಲ್ಲ.

ಆ ಕಾಲದ ಇನ್ನೊಂದು ಪ್ರಸಂಗ ಅಷ್ಟು ಪ್ರಸಿದ್ಧವಲ್ಲ, ಆದರೆ ಇಲ್ಲಿ ಹೇಳಲೇಬೇಕಾದದ್ದು. ಒಂದು ಸೆಕೆಯ ದಿನ ಗುರು ಶಿಷ್ಯೆಯರಿಬ್ಬರೂ ಅಡ್ಡಾಡಿ ಹಿಂದಿರುಗುತ್ತ, ಮನೆಗೆ ತುಸು ದೂರದಲ್ಲಿದ್ದ ಕಾಡು ಚೆರ್ರಿ ಮರದ ನೆರಳಿನಲ್ಲಿ ನಿಂತರು. ಹೆಲೆನ್ ಮರ ಹತ್ತಿ ಕೊಂಬೆಯ ಮೇಲೆ ಕುಳಿತಳು. ಅಲ್ಲಿಯೇ ಊಟ ಮಾಡೋಣವೆಂದು ಗೊತ್ತುಮಾಡಿಕೊಂಡು, ಅಲುಗದೆ ಕುಳಿತಿರಬೇಕೆಂದು ತಿಳಿಸಿ ಆನ್ ಬುತ್ತಿ ತರಲು ಮನೆಗೆ ಹೋದಳು. ಇದ್ದಕ್ಕಿದ್ದಂತೆ ಗಾಳಿಯಲ್ಲಿದ್ದ ಬಿಸುಪು ಆರಿತು. ಹೆಲೆನಳಿಗೆ ಬಿಸುಪೇ ಬೆಳಕಾಗಿತ್ತಾದ್ದರಿಂದ, ಆಕಾಶ ಕಪ್ಪಾಯಿತೆಂದು ಆಕೆ ಅರಿತಳು. ನೆಲದಿಂದ ಒಂದು ವಿಚಿತ್ರವಾದ ವಾಸನೆ ಎದ್ದಿತು. ಗುಡುಗು ಮಳೆಗೆ ಮುಂಚೆ ಯಾವಾಗಲೂ ಏಳುವ ವಾಸನೆ ಅದು. ಆಮೇಲೆ ಎಲೆಗಳ ಕಂಪನ, ಮರದ ತೂಗಾಟ, ಮೈಮೇಲೆ ಉದುರುವ ಕಡ್ಡಿಗಳು. ಆಕೆ ಕೊಂಬೆಯ ಕವಲಿನಲ್ಲಿ ಮುದುಡಿಕೊಂಡಳು. ದೂರದಲ್ಲಿ ಭಾರವಾದದ್ದೇನೋ ಬಿದ್ದ ಅದಿರು ನೆಲದಿಂದ ಕಾಂಡಕ್ಕೂ ಕಾಂಡದಿಂದ ಕೊಂಬೆಗೂ ಏರಿ ಬಂತು. ಮರವೂ ತಾನೂ ಒಟ್ಟಿಗೆ ಉರುಳಿದೆವೆಂದುಕೊಳ್ಳುವ ಹೊತ್ತಿಗೆ ಗುರುವಿನ ಕೈ ಆಕೆಯ ಕೈಯನ್ನು ಹಿಡಿಯಿತು.

ಮರದ ಮೇಲಿದ್ದುದು ಒಂದು ಹಕ್ಕಿಯೋ ಅಳಿಲೋ ಆಗಿದ್ದರೆ ಅದಕ್ಕೂ ಇವೇ ಸೂಚನೆಗಳು ಸಿಕ್ಕುತ್ತಿದ್ದವು. ಅದು ಗೂಡು ಸೇರುತ್ತಿತ್ತು. ಹುಡುಗಿಗೆ ಸೂಚನೆ ಸಿಕ್ಕಿತು, ಗೂಡು ಸಿಕ್ಕಲಿಲ್ಲ. ಎಷ್ಟೋ ದಿನ ಆಕೆ ಮರ ಹತ್ತುವ ಯೋಚನೆಯನ್ನೇ ಮಾಡಲಿಲ್ಲ. ಕೊನೆಗೆ ಒಂದು ವಸಂತದ ಬೆಳಗ್ಗೆ ಹೂಬಿಟ್ಟ ಮಿಮೋಸ ಮರದ ಪರಿಮಳ ಅವಳನ್ನು ಮತ್ತೆ ಕೊಂಬೆಯ ಮೇಲಕ್ಕೆ ಕರೆಯಿತು.

ಮುಂದಿನ ವಿದ್ಯಾಭ್ಯಾಸದ ಕಥೆ ದೀರ್ಘವಾದುದು. ಅಂಧರ ಉಬ್ಬಕ್ಷರಗಳನ್ನು ಕಲಿತದ್ದು, 1890ರಲ್ಲಿ ಸಾರಾ ಫುಲ್ಲರ್ ಎಂಬ ಉಪಾಧ್ಯಾಯಿನಿಯ ಮುಖದ ಮೇಲೆ ಕೈಯಿಟ್ಟು ಮಾತಿನ ಪಾಠ ಆರಂಭಿಸಿದ್ದು, ಎದುರಿಗಿದ್ದವರ ಗಂಟಲಿಗೆ ಹೆಬ್ಬೆರಳು, ತುಟಿಗೆ ತೋರುಬೆರಳು, ಮೂಗಿನ ಪಕ್ಕಕ್ಕೆ ನಡುಬೆರಳು ಇಟ್ಟು ಅವರ ಮಾತನ್ನು ಗ್ರಹಿಸಲು ಕಲಿತದ್ದು, ಒಂದೊಂದೂ ತಿಂಗಳು ವರ್ಷಗಳ ದುಡಿಮೆ. ಹದಿನಾಲ್ಕರ ಹರೆಯದಲ್ಲಿ ಪ್ರಸಿದ್ಧ ಲೇಖಕ ಮಾರ್ಕ್ ಟ್ವೈನರ ಪರಿಚಯವಾಯಿತು. ಅವರು ಹಾದುಹೋಗುವಾಗ ಹೆಲೆನಳ ತಲೆಯನ್ನು ಮೃದುವಾಗಿ ತಟ್ಟಿ ಮುಂದೆ ನಡೆದರಂತೆ. ತಟ್ಟಿದವರಾರೆಂದು ತಿಳಿಯದೆ ಹುಡುಗಿ ಪೇಚಾಡಿದಳು. ಅವರು ಹಿಂದಿರುಗಿ ಇನ್ನೊಮ್ಮೆ ತಟ್ಟಿದ ಕೂಡಲೇ ಹೆಸರು ಹೇಳಿದಳು. ತನ್ನ ಕೈಯ ಸುಕ್ಕುಗಳು ಆಕೆಗೆ ತಲೆಗೂದಲ ಮೂಲಕವೇ ತಿಳಿದವೇ ಎಂದು ಆ ಹಾಸ್ಯಗಾರ ಬಹಳ ಕಾಲ ಬೆರಗುಪಟ್ಟರು. ಬೆರಗಿನ ನಡುವೆ ಒಂದು ಚಿಕ್ಕ ಸಂಗತಿಯನ್ನು ಮರೆಯಬಾರದು: ಮೊದಲನೆಯ ಸಲ ಆಕೆಗೆ ಗುರುತು ಸಿಕ್ಕಿರಲಿಲ್ಲ.

1904ರಲ್ಲಿ ಹೆಲೆನ್ ಕೆಲರ್ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಗೌರವಸಹಿತ ಪದವಿ ಪಡೆದರು. ಕಣ್ಣು ಕಿವಿ ಎರಡೂ ಇಲ್ಲದವರೊಬ್ಬರು ಪದವೀಧರರಾದದ್ದು ಅದೇ ಮೊದಲು. ಕಾಲೇಜಿನಲ್ಲಿದ್ದಾಗಲೇ, 1903ರಲ್ಲಿ, ಅವರ ಆತ್ಮಕಥೆ ಪುಸ್ತಕವಾಗಿ ಬಂದಿತ್ತು. 1908ರಲ್ಲಿ ತಾವು ಬದುಕುವ ಲೋಕ ಎಂಥದೆಂಬುದನ್ನು ವಿವರಿಸಿ ಮತ್ತೊಂದು ಪುಸ್ತಕ ಪ್ರಕಟಿಸಿದರು. ಮೊದಲನೆಯದರಷ್ಟು ಜನ ಅದನ್ನು ಓದಿಲ್ಲ. ಇಂದ್ರಿಯಗಳ ವಿಷಯದಲ್ಲಿ ಕುತೂಹಲವುಳ್ಳವರು ಮೊದಲು ಓದಬೇಕಾದದ್ದು ಅದನ್ನೇ.

ನೆಲಹಲಗೆಯ ಕಂಪನದಿಂದ ಮಗುವಿನ ಹೆಜ್ಜೆ ಯಾವುದು, ಗಂಡಸಿನದು ಯಾವುದು, ಹೆಂಗಸಿನದು ಯಾವುದು ಎಂದು ಅವರು ಬೇರ್ಪಡಿಸಬಲ್ಲವರಾಗಿದ್ದರು. ಎದುರಿಗೆ ಬಂದವನು ಬಡಗಿಯೋ ಕಬ್ಬಿಣದ ಕೆಲಸದವನೋ ಎಂಬುದನ್ನು ವಾಸನೆಯೇ ತಿಳಿಸುತ್ತಿತ್ತು. ಹಳೆಯ ಮನೆಗೆ ಹೋದರೆ ಅಲ್ಲಿ ಬಾಳಿದ ಕುಟುಂಬಗಳ, ಗಿಡಗಳ, ಬಟ್ಟೆಗಳ ವಾಸನೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತಿತ್ತು. ಒಮ್ಮೆ ಪರಿಚಿತವಾದ ಕಾಡಿನ ಕಡೆಗೆ ನಡೆದುಹೋಗುತ್ತಿದ್ದಾಗ ಮೂಗಿಗೆ ಏನೋ ಬಡಿದು ಅವರು ದಿಗಿಲಿನಿಂದ ನಿಂತರು. ಮರುಕ್ಷಣವೇ ಕಾಲಡಿಯಲ್ಲಿ ಒಂದೇ ಅಳತೆಯ ಹೊಡೆತಗಳು, ಅನಂತರ ಭಾರವಾದ ಗುಡುಗಿನಂಥ ಅದಿರು. ಆ ವಾಸನೆ ಕಡಿದ ಮರಗಳದು. ಅದಿರು ಅವು ಉರುಳುವುದರದು. ಕಾಡು ಹೋಯಿತೆಂಬ ದುಃಖದ ಸುದ್ದಿಯನ್ನು ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

ಇಷ್ಟೆಲ್ಲ ಬರೆದ ಅದೇ ಪುಸ್ತಕದಲ್ಲಿ, ಬೇಟೆನಾಯಿಗೋ ಕಾಡುಮೃಗಕ್ಕೋ ಇರುವಂಥ ಸರ್ವಜ್ಞವಾದ ಮೂಗು ತಮಗಿಲ್ಲವೆಂದು ಅವರು ನಗುತ್ತಲೇ ಒಪ್ಪಿಕೊಂಡರು. ತಾವು ಜಾಡು ಹಿಡಿದು ಬೆನ್ನಟ್ಟಿದರೆ ಕುಂಟರೂ ಕುರುಡರೂ ಮಾತ್ರ ಹೆದರಬೇಕಾದೀತೆಂಬುದು ಅವರ ವಿನೋದ. ಜನರಿಗೆ ಈ ಒಪ್ಪಿಗೆ ರುಚಿಸಲಿಲ್ಲ. ಅವರನ್ನು ಕಂಡವರಲ್ಲಿ ಎರಡು ಪಂಗಡಗಳಿದ್ದವು. ಒಂದು ಪಂಗಡಕ್ಕೆ ಅವರೊಂದು ಪವಾಡ. ಸಾಮಾನ್ಯರಿಗೆ ಇಲ್ಲದ ಯಾವುದೋ ಗುಪ್ತ ಇಂದ್ರಿಯವುಳ್ಳ ಜೀವ. ಇನ್ನೊಂದು ಪಂಗಡಕ್ಕೆ ಅವರು ಗುರು ಹೇಳಿಕೊಟ್ಟದ್ದನ್ನು ಒಪ್ಪಿಸುವ ಗಿಣಿ. ಕಾಣದ ಬಣ್ಣಗಳನ್ನೂ ಕೇಳದ ನಾದಗಳನ್ನೂ ಎರವಲು ಮಾತಿನಲ್ಲಿ ಬಣ್ಣಿಸುವವರು. ಹನ್ನೊಂದನೆಯ ವಯಸ್ಸಿನಲ್ಲಿ ಬರೆದ ಒಂದು ಕಥೆ ಹಿಂದೆ ಅಚ್ಚಾಗಿದ್ದ ಬೇರೊಬ್ಬರ ಕಥೆಯನ್ನು ಹೋಲುತ್ತದೆಂದು, ಆ ಎಳೆಯ ಹುಡುಗಿಯನ್ನು ಗುರುವಿನಿಂದ ಬೇರ್ಪಡಿಸಿ ಹಿರಿಯರ ಸಮಿತಿಯೊಂದು ವಿಚಾರಣೆಗೆ ಗುರಿಮಾಡಿತ್ತು. ಆ ಗಾಯ ಬಹುಕಾಲ ಮಾಯಲಿಲ್ಲ.

ಹೊಗಳಿಕೆ ತೆಗಳಿಕೆಗಳೆರಡೂ ಹೆಲೆನ್ ಕೆಲರ್ ಒಬ್ಬರಿಗೆ ಮಾತ್ರ ಸಂಬಂಧಿಸಿದ್ದರೆ ಅವನ್ನು ಬದಿಗಿಡಬಹುದಿತ್ತು. 1924ರಿಂದ ಅವರು ಅಮೆರಿಕದ ಅಂಧರ ಪ್ರತಿಷ್ಠಾನಕ್ಕಾಗಿ ಊರೂರು ಸುತ್ತಿ ಹಣ ಕೂಡಿಸತೊಡಗಿದರು. ಅವರು ಪವಾಡವೇ ಆಗಿದ್ದರೆ, ಮೂಲೆಯ ಮನೆಗಳಲ್ಲಿ, ಅನಾಥಾಲಯಗಳಲ್ಲಿ ಸುಮ್ಮನೆ ಕುಳಿತಿದ್ದ ಇತರ ಮಕ್ಕಳಿಗೆ ಶಾಲೆ ಏಕೆ? ಆರನೆಯ ಇಂದ್ರಿಯ ಇಲ್ಲದ ಮಗುವಿಗೆ ಆರು ಜನ ಉಪಾಧ್ಯಾಯರನ್ನು ಕೊಟ್ಟರೂ ಏನು ಫಲ? ತಮಗೆ ವಿಶೇಷ ಶಕ್ತಿಯಿಲ್ಲವೆಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದುದು ಬರಿಯ ವಿನಯದಿಂದಲ್ಲ.

ಕೊಲಂಬಿಯ ವಿಶ್ವವಿದ್ಯಾನಿಲಯದ ನರವೈದ್ಯಶಾಸ್ತ್ರದ ಪ್ರಾಧ್ಯಾಪಕ ಫ್ರೆಡರಿಕ್ ಟಿಲ್ನಿ ಅವರು ಹೆಲೆನ್ ಕೆಲರರ ಇಂದ್ರಿಯಗಳನ್ನು ಒಂದೊಂದಾಗಿ ಪರೀಕ್ಷಿಸಿ 1929ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಚರ್ಮದ ಸ್ಪರ್ಶಜ್ಞಾನ, ಮೂಗಿನ ಶಕ್ತಿ, ಎಲ್ಲವೂ ಸಾಮಾನ್ಯರಿಗಿಂತ ಮೇಲಾಗಿರಲಿಲ್ಲ. ವಿಶೇಷವಿದ್ದದ್ದು ಬೆರಳಿನಲ್ಲಲ್ಲ; ಬೆರಳು ತಂದ ಸುದ್ದಿಯನ್ನು ಹಿಡಿದು, ಹೋಲಿಸಿ, ನೆನಪಿನೊಡನೆ ಹೆಣೆಯುವ ಮಿದುಳಿನಲ್ಲಿ. ಪವಾಡವನ್ನು ಬಯಸಿದವರಿಗೆ ಇದು ನಿರಾಶೆಯ ವರದಿ. ಮೂಲೆಯಲ್ಲಿ ಕುಳಿತಿದ್ದ ಮಕ್ಕಳ ಪಾಲಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಾರದು.

ಆದರೂ ಒಂದು ನಂಬಿಕೆ ಗಟ್ಟಿಯಾಗಿ ಉಳಿದಿತ್ತು. ಗೋಡೆಗೆ ಹಾಯದೆ ನಿಲ್ಲುವ ಅಂಧರು, ಅಡ್ಡ ಬಂದ ವಸ್ತುವಿನ ಇರವು ತಮ್ಮ ಹಣೆಗೋ ಕೆನ್ನೆಗೋ ಸೋಂಕಿದಂತಾಗುತ್ತದೆ ಎನ್ನುತ್ತಿದ್ದರು. ಬೆಕ್ಕಿನ ಮೀಸೆಯ ಕೆಲಸವನ್ನು ಅವರ ಮುಖದ ಚರ್ಮ ಮಾಡುತ್ತದೆಂದು ಪಂಡಿತರೂ ಬರೆದಿದ್ದರು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಡಾಲೆನ್‌ಬಾಕ್ ಮತ್ತು ಅವರ ಶಿಷ್ಯರು ಇದನ್ನು ಒರೆಗೆ ಹಚ್ಚಿದರು. ಮುಖವನ್ನು ಮುಚ್ಚಿದರೂ ಅಂಧರು ಗೋಡೆಯನ್ನು ಗುರುತಿಸಿದರು. ಕಿವಿ ಮುಚ್ಚಿದಾಗ ಗೋಡೆಗೆ ಹಾಯ್ದರು. 1944ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಕೆನ್ನೆಗೆ ಸೋಂಕಿದ್ದು ತಮ್ಮದೇ ಹೆಜ್ಜೆಯ ಮಾರ್ದನಿ, ಅದನ್ನು ಗ್ರಹಿಸಿದ್ದು ಕಿವಿ ಎಂಬುದು ಸ್ಪಷ್ಟವಾಯಿತು. 1947ರಲ್ಲಿ, ಅಂಧರೂ ಬಧಿರರೂ ಆದವರನ್ನು ಪರೀಕ್ಷಿಸಿದಾಗ ಅವರಲ್ಲಿ ಆ ಶಕ್ತಿ ಕಂಡುಬರಲಿಲ್ಲ. ಬಾವಲಿಯ ವಿದ್ಯೆಯ ಒಂದು ಅಂಶ ಮನುಷ್ಯನಿಗೂ ಸಾಧ್ಯ. ನಾಲಗೆಯಿಂದ ಲೊಚಗುಟ್ಟಿ, ಮಾರ್ದನಿಯ ನೆರವಿನಿಂದ ನಡೆಯುವ ಅಂಧರು ಇಂದೂ ಇದ್ದಾರೆ. ಆದರೆ ಅದಕ್ಕೆ ಕಿವಿ ಬೇಕು. ಆ ಬಾಗಿಲೂ ಹೆಲೆನ್ ಕೆಲರ್ ಅವರಿಗೆ ಮುಚ್ಚಿತ್ತು. ಅವರು ಕಡೆಯವರೆಗೂ ಇನ್ನೊಬ್ಬರ ತೋಳು ಹಿಡಿದೇ ಹೊರಗೆ ನಡೆದರು. 1936ರಲ್ಲಿ ಆನ್ ತೀರಿಕೊಂಡ ಮೇಲೆ ಆ ತೋಳು ಪಾಲಿ ಥಾಮ್ಸನರದಾಯಿತು.

ಹೀಗೆ ತೋಳು ಹಿಡಿದೇ ಅವರು ಮೂವತ್ತೈದಕ್ಕೂ ಹೆಚ್ಚು ದೇಶಗಳನ್ನು ಸುತ್ತಿದರು. 1955ರಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಏಷ್ಯದ ಪ್ರವಾಸದ ಅಂಗವಾಗಿ ಭಾರತಕ್ಕೂ ಬಂದರು. ದೆಹಲಿಯಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಮುಖದ ಮೇಲೆ ಬೆರಳಾಡಿಸಿ ಅವರನ್ನು ಕಂಡರು. 1924ರಲ್ಲಿ ಬೇಥೋವನ್ನನ ಒಂಬತ್ತನೆಯ ಸಿಂಫನಿ ರೇಡಿಯೋದಲ್ಲಿ ಪ್ರಸಾರವಾದಾಗ, ಅದರ ಧ್ವನಿಫಲಕಕ್ಕೆ ತಾಕಿದ್ದವೂ ಅವೇ ಬೆರಳುಗಳು. ನಗಾರಿಯ ಬಡಿತವನ್ನೂ ತಂತಿವಾದ್ಯಗಳ ಮೊರೆತವನ್ನೂ ಕೊನೆಯಲ್ಲಿ ಏರಿ ಬರುವ ಮೇಳಗಾನವನ್ನೂ ಅವು ಬೇರೆ ಬೇರೆಯಾಗಿ ಗುರುತಿಸಿದ್ದವು. ಆ ಸಂಗೀತವನ್ನು ರಚಿಸಿದವನೂ ಕಿವುಡನಾಗಿದ್ದನು.

1961ರಿಂದ ಪಾರ್ಶ್ವವಾಯುವಿಗೆ ಮತ್ತೆ ಮತ್ತೆ ಗುರಿಯಾಗಿ ಅವರು ಸಾರ್ವಜನಿಕ ಜೀವನದಿಂದ ದೂರವಾದರು. 1968ರ ಜೂನ್ 1ರಂದು ಕನೆಕ್ಟಿಕಟ್ ಪ್ರಾಂತದ ತಮ್ಮ ಮನೆಯಲ್ಲಿ ನಿದ್ದೆಯಲ್ಲಿಯೇ ಪ್ರಾಣ ಬಿಟ್ಟರು. ಮರುವರ್ಷವೇ ಪಾಲ್ ಬಾಕ್-ವೈ-ರೀಟ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಒಂದು ಕುರ್ಚಿಯ ವಿಷಯ ಪ್ರಕಟಿಸಿದರು. ಅದರ ಬೆನ್ನಿಗೆ 400 ಪುಟ್ಟ ಕಂಪಕಗಳು. ಮುಂದೆ ಒಂದು ದೂರದರ್ಶನ ಕ್ಯಾಮೆರಾ. ಕ್ಯಾಮೆರಾ ಕಂಡದ್ದು ಕುಳಿತವರ ಬೆನ್ನಿನ ಮೇಲೆ ಚುಕ್ಕೆಗಳಾಗಿ ಮೂಡುತ್ತಿತ್ತು. ಅಭ್ಯಾಸದಿಂದ ಅಂಧರು ದೂರವಾಣಿ, ಕುರ್ಚಿ, ಮುಖ ಮುಂತಾದುವನ್ನು ಬೆನ್ನಿನಿಂದಲೇ ಗುರುತಿಸತೊಡಗಿದರು. ಬ್ರೇಲ್ ಓದುವ ಅಂಧರಲ್ಲಿ ಮಿದುಳಿನ ದೃಷ್ಟಿಭಾಗವೇ ಬೆರಳಿನ ಕೆಲಸಕ್ಕೆ ಒದಗುತ್ತದೆಂದು 1996ರಲ್ಲಿ ತಿಳಿದುಬಂದಿತು. ಟಿಲ್ನಿಯವರು ಹುಡುಕಿದ ಜಾಗ ಸರಿಯಾಗಿಯೇ ಇತ್ತು.

ಹೆಲೆನ್ ಕೆಲರರ ಚಿತಾಭಸ್ಮವನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ಕೆಥೆಡ್ರಲ್‌ನಲ್ಲಿ ಆನ್ ಸಲಿವನ್ ಮತ್ತು ಪಾಲಿ ಥಾಮ್ಸನರ ಅವಶೇಷಗಳ ಜೊತೆಗೆ ಇರಿಸಿದ್ದಾರೆ. ಅಲ್ಲಿಯ ಕಂಚಿನ ಫಲಕದಲ್ಲಿ ಕಣ್ಣುಳ್ಳವರ ಅಕ್ಷರಗಳೂ ಇವೆ, ಬ್ರೇಲ್ ಚುಕ್ಕೆಗಳೂ ಇವೆ. ಬಂದವರು ಸವರಿ ಸವರಿ ಆ ಚುಕ್ಕೆಗಳು ಸವೆದುಹೋಗಿ, ಫಲಕವನ್ನು ಹೊಸದಾಗಿ ಮಾಡಿಸಬೇಕಾಯಿತು.